ಲೆನ್ಸಿಲ್ಲದ ಹಲಗೆ

ದಿಲೀಪ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಹಲಗೆ ಇತ್ತು. ಲೆನ್ಸ್ ಇರಲಿಲ್ಲ.

ನಾರಾಯಣಪುರದ ಶಿವಾಲಯದ ಎದುರು ಅವನ ಮನೆಯ ಹಳೆಯ ಮರದ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಸಿದ್ಧವಾಗಿ ನಿಂತಿತ್ತು. ಹೈದರಾಬಾದಿನಿಂದ ಬಂದ ಹಳೇ ಕ್ಯಾಮೆರಾ ಹುಚ್ಚಿನವರ ಗುಂಪು ಗುಡಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತಿತ್ತು. ಬಸವಕಲ್ಯಾಣದ ಸಂಗಪ್ಪ ಫೋಟೋಗ್ರಾಫರರು ಕರಿ ಬಟ್ಟೆಯೊಳಗೆ ತಲೆಯಿಟ್ಟು ಆ ಕಾಲದ ರೀತಿಯಲ್ಲಿ ತೆಗೆಯುವ ಒಂದು ಫೋಟೋ — ಅದಕ್ಕೆಂದೇ ಅಷ್ಟು ದೂರ ಬಂದವರು.

"ಲೆನ್ಸ್ ಎಲ್ಲಿ?" ಯಾರೋ ಕೇಳಿದರು.

ದಿಲೀಪ ಆ ಚೌಕ ಹಲಗೆಯನ್ನು ಎತ್ತಿ ಹಿಡಿದ. ಕ್ಯಾಮೆರಾದ ಮುಂದೆ ಲೆನ್ಸ್ ಹಿಡಿದು ನಿಲ್ಲಿಸುವ ಹಲಗೆ ಅದು. ಈಗ ನಡುವೆ ಬರೀ ದುಂಡನೆಯ ತೂತು. ಆ ತೂತಿನಾಚೆ ಒಬ್ಬ ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡಿದ್ದ. ದಿಲೀಪನ ಕಿವಿ ಬಿಸಿಯಾದವು.

ಅವನ ತಂದೆ ಸಂಗಪ್ಪ ಕಲ್ಲಿನ ಮೇಲೆ ಶಾಲು ಹೊದ್ದು ಕೂತಿದ್ದರು. ಡಬ್ಬಿಯ ಕಡೆ ತಿರುಗಲಿಲ್ಲ.

"ಈ ಹಲಗೆ ಮಾಡಿದ್ದು ಯಾರು?" ಗುಂಪಿನಿಂದ ಪ್ರಶ್ನೆ ಬಂತು.

"ಹುಮನಾಬಾದಿನ ಒಬ್ಬಾಕಿ. ಕೂಡಿಸಾಕ ಲೆನ್ಸೂ ಆಕಿ ಕೈಯಾಗ ಕೊಟ್ಟಿದ್ವಿ," ಅಂದ ದಿಲೀಪ. ಅಷ್ಟೊತ್ತಿಗೆ ಅವನ ಮನಸ್ಸಿನಲ್ಲಿ ವಿಚಾರಣೆ ಮುಗಿದಿತ್ತು.

ಮಧ್ಯಾಹ್ನಕ್ಕೆಲ್ಲ ಅವನು ಹುಮನಾಬಾದಿನಲ್ಲಿ ಪ್ರಣಿತಾಳ ಶೆಡ್ಡಿನ ಬಾಗಿಲಲ್ಲಿದ್ದ. ಪ್ರಣಿತಾ ಮರಗೆಲಸದ ಮಚ್ಚೇಂದ್ರನ ಮಗಳು. ತಂದೆ ಬಾಗಿಲು ಕಿಟಕಿ ಮಾಡುತ್ತಿದ್ದ ಜಾಗದಲ್ಲಿ ಅವಳು ಹಳೇ ಕ್ಯಾಮೆರಾಗಳಿಗೆ ಲೆನ್ಸ್ ಹಲಗೆ ಮಾಡುತ್ತಾಳೆ. ಪುಣೆ, ಹೈದರಾಬಾದಿನ ಹವ್ಯಾಸಿಗಳು ಒಡೆದ ಹಲಗೆಯನ್ನೋ, ಕಾಗದದ ಮೇಲೆ ಎಳೆದ ಅಳತೆಯನ್ನೋ ಕಳಿಸುತ್ತಾರೆ. ಅವಳು ತೇಗದ ತೆಳು ಹಲಗೆಯಲ್ಲಿ ಹೊಸದು ಕೊಯ್ದು, ಬೆಳಕು ನುಸುಳದಂತೆ ಅಂಚು ಕೂಡಿಸಿ, ಕಪ್ಪು ಬಳಿದು ಕೊಡುತ್ತಾಳೆ.

ದಿಲೀಪ ಮೊದಲು ಕೂಗಿದ. ಆಮೇಲೆ ಹಲಗೆಯನ್ನು ಅವಳ ಮೇಜಿನ ಮೇಲೆ ಎಸೆದ. ಆಮೇಲೆ ಒಂದು ಮಾತು ಆಡಿದ. "ನಿಮ್ಮ ಮಂದಿ" ಎಂದು ಶುರುವಾದ ಆ ಮಾತು ಓಣಿಯ ಮೂಲೆಯ ತನಕ ಕೇಳಿತು. ಪಕ್ಕದ ಹಿಟ್ಟಿನ ಗಿರಣಿ ನಿಂತಿತು. ಜನ ಹೊರಗೆ ಬಂದು ನೋಡಿದರು. ಯಾರೂ ಅವನನ್ನು ತಡೆಯಲಿಲ್ಲ.

ಎದುರು ಮನೆಯ ಗಂಗುಬಾಯಿಯೂ ತಡೆಯಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಹೆಂಗಸು. ಗದ್ದಲ ಕಂಡಲ್ಲಿಗೆ ನುಗ್ಗುವುದೇ ಅವಳ ನೌಕರಿಯಾಗಿತ್ತು. ಅವತ್ತು ಮಾತ್ರ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ದಿಲೀಪನ ಬೈಕು ಹೋದ ಮೇಲೆ ಅವಳು ರಸ್ತೆ ದಾಟಿದಳು.

ಪ್ರಣಿತಾ ತಲೆ ಎತ್ತಲಿಲ್ಲ. "ನೀವು ಅಲ್ಲೇ ನಿಂತಿದ್ರಿ ಮೌಶಿ."

"ಹೌದು. ನಿಂತಿದ್ದೆ." ಗಂಗುಬಾಯಿ ಮೇಜಿನ ಹತ್ತಿರ ಬಂದಳು. "ಲೆನ್ಸ್ ಕೂಡಿಸಿ ಕೊಟ್ಟಿದ್ದೇನು?"

"ಕೂಡಿಸೇ ಕೊಟ್ಟೀನಿ. ಮುಂದಿನಿಂದ ಲೆನ್ಸ್ ಇಟ್ಟು, ಹಿಂದಿನಿಂದ ಹಿತ್ತಾಳಿ ಉಂಗುರ ಬಿಗಿದು, ಡಬ್ಯಾಗ ಹಾಕಿ ಕೊಟ್ಟೆ."

"ಯಾರ ಕೈಯಾಗ?"

"ಪೂನಮಕ್ಕನ ಕೈಯಾಗ. ದಿಲೀಪನ ಹೆಂಡ್ತಿ. ದಸರಾದ ಮುಂದ ಇಲ್ಲೇ ತವರಿಗೆ ಬಂದಿದ್ರು."

"ತೆಗೆದು ನೋಡಿದಳೇನು?"

"ಇಲ್ಲ. ಬಸ್ ಹೊಂಟಿತ್ತು."

"ನೀ ಕೊಟ್ಟಿದ್ದು ಕಂಡವರು ಯಾರರ ಅದಾರೇನು?"

"ನಾನ ಅದೀನಿ." ಅವಳು ಈಗ ತಲೆ ಎತ್ತಿದಳು. "ಸಾಲಂಗಿಲ್ಲೇನು?"

ಹಲಗೆ ಮೇಜಿನ ಮೇಲೆ ಬಿದ್ದಲ್ಲೇ ಕವುಚಿ ಬಿದ್ದಿತ್ತು. ಪ್ರಣಿತಾ ಅದನ್ನು ಮುಟ್ಟಿರಲಿಲ್ಲ. ಗಂಗುಬಾಯಿ ಎತ್ತಿ ಮಗುಚಿದಳು. ಕಪ್ಪು ಬಣ್ಣ, ನಡುವೆ ತೂತು, ಅಡ್ಡಲಾಗಿ ವಿಭೂತಿಯ ಮೂರು ಗೆರೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡಳು.

"ನಾ ಕಲ್ಯಾಣಕ್ಕ ಹೋಗಿ ಬರ್ತೀನಿ. ಇದನ್ನ ಒರೆಸಬಾರದು."

ಮರುದಿನ ಬೆಳಿಗ್ಗೆ ಗಂಗುಬಾಯಿ ಬಸವಕಲ್ಯಾಣದ ಸ್ಟುಡಿಯೋ ಮುಟ್ಟಿದಾಗ ಸಂಗಪ್ಪ, ದಿಲೀಪ, ಪೂನಮ ಮೂವರೂ ಇದ್ದರು. ಗೋಡೆಯ ತುಂಬ ಸಂಗಪ್ಪ ತೆಗೆದ ಫೋಟೋಗಳು: ಮದುಮಕ್ಕಳು, ಪಟಗಾ ಸುತ್ತಿದ ಗೌಡರು, ತೊಟ್ಟಿಲ ಕೂಸುಗಳು. ಒಂದೂ ಮಸುಕಾಗಿರಲಿಲ್ಲ. ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಅವರು ಬಂದ ಮೇಲೇ ಅಕ್ಷತೆ ಬೀಳುತ್ತಿತ್ತು.

"ಪೊಲೀಸ್ ಕಂಪ್ಲೇಂಟ್ ನಾನ ಕೊಡೋನಿದ್ದೆ," ಅಂದ ದಿಲೀಪ. "ಅಪ್ಪ ಬ್ಯಾಡ ಅಂದ್ರು."

"ಯಾಕ ಬ್ಯಾಡ ಅಂದ್ರು?"

"ದೊಡ್ಡ ಮನಸ್ಸು ಅವರದು."

ಗಂಗುಬಾಯಿ ಪೂನಮಳ ಕಡೆ ತಿರುಗಿದಳು. "ಡಬ್ಬಿ ಭಾರ ಇತ್ತೇನವಾ?"

"ಹ್ಯಾಂಗ ಹೇಳ್ಲಿರಿ? ಚೀಲದಾಗ ತೊಗರಿ ಬ್ಯಾಳಿ ಇತ್ತು, ಅವ್ವ ಕೊಟ್ಟ ಸೀರಿ ಇತ್ತು. ಎಲ್ಲಾ ಕೂಡೇ ಭಾರ." ಪೂನಮಳ ಮುಖ ಸಣ್ಣದಾಯಿತು. "ನನ್ನ ಮ್ಯಾಲ ಸಂಶಯ ಏನ್ರಿ?"

"ಎಲ್ಲರ ಮ್ಯಾಲೂ. ತಂದು ಎಲ್ಲಿ ಇಟ್ಟಿ?"

"ಇಲ್ಲೇ, ಸ್ಟುಡಿಯೋದಾಗ. ಮಾವನೋರ ಮುಂದ."

"ದಿಲೀಪಾ, ನೀ ಯಾವಾಗ ತೆಗೆದು ನೋಡಿದಿ?"

"ನಾರಾಯಣಪುರದಾಗೇ ಮೊದಲು. ಅದಕಿಂತ ಮೊದಲ ನಾ ಮುಟ್ಟೇ ಇಲ್ಲ. ದಸರಾದ ಖಂಡೆಪೂಜಿ ದಿವಸ ಬೀದರಿನಾಗ ಶೂಟಿಂಗ್ ಇತ್ತು. ಆಮ್ಯಾಲ ಬರೀ ಮದುವಿ ಆರ್ಡರ್."

"ಖಂಡೆಪೂಜಿ ಸ್ಟುಡಿಯೋದಾಗ ಯಾರು ಮಾಡಿದ್ರು?"

"ಅಪ್ಪನ. ಕ್ಯಾಮೆರಾದ ಪೂಜಿಗೆ ಅವರು ಬ್ಯಾರೆಯವರ ಕೈ ಹಚ್ಚಗೊಡಂಗಿಲ್ಲ. ಬಾಗಿಲಾ ಹಾಕ್ಕೊಂಡು ಒಬ್ಬರ ಮಾಡ್ತಾರ."

ಪೂನಮ ಚಹಾ ತಂದಳು. ಸಂಗಪ್ಪ ಶಾಲಿನೊಳಗಿಂದ ಕೈ ತೆಗೆಯದೆ, ಅಲ್ಲಿಡು ಎಂದು ಗದ್ದದಿಂದಲೇ ತೋರಿಸಿದರು. ಚಹಾ ಆರಿ ಕೆನೆಗಟ್ಟಿತು.

"ಕಾಕಾ, ನಿಮಗ ಏನರ ಗೊತ್ತದೇನ್ರಿ?"

"ಹೋದದ್ದು ಹೋತು ಬಿಡ್ರಿ," ಅಂದರು ಸಂಗಪ್ಪ. "ಯಾಕ ಸುಮ್ನ ಕೆದಕೋದು?"

"ಒಂದು ಹುಡುಗಿ ಕಳ್ಳಿ ಅನ್ನಿಸ್ಕೊಂಡಾಳ್ರಿ, ಅದಕ್ಕ."

ಗಂಗುಬಾಯಿ ಪತ್ರಿಕೆ ಬಿಚ್ಚಿ ಹಲಗೆಯನ್ನು ಮೇಜಿನ ಮೇಲಿಟ್ಟಳು.

"ದಿಲೀಪಾ, ಇದರ ಮ್ಯಾಲ ಏನದ?"

"ಏನದ? ವಿಭೂತಿ. ನಮ್ಮ ಮನ್ಯಾಗ ಎಲ್ಲಾದರ ಮ್ಯಾಲೂ ಇರ್ತದ. ಬೈಕಿನ ಮ್ಯಾಲೂ ಅದ."

"ಅದಕ್ಕ ಅದು ನಿನ್ನ ಕಣ್ಣಿಗೆ ಬೀಳಲಿಲ್ಲ. ಪ್ರಣಿತಾ ಬೌದ್ಧರ ಹುಡುಗಿ. ಆಕೀ ಶೆಡ್ಡಿನಾಗ ವಿಭೂತಿ ಹಚ್ಚಂಗಿಲ್ಲ. ಹಚ್ಚಿದ್ದು ಇಲ್ಲೇ. ಹಸೀ ವಿಭೂತಿ ಒಣಗಿ ಕುಂತದ. ಈಗ ಗೆರಿ ನೋಡು. ಎಡಕಿನಿಂದ ಹೊಂಟಾವ. ಎಲ್ಲಿ ನಿಂತಾವ?"

ದಿಲೀಪ ಬಗ್ಗಿದ. "ತೂತಿನ ಹತ್ರ."

"ತೂತಿನ ಅಂಚಿಗೆ ಮುಟ್ಟ್ಯಾವೇನು?"

"ಇಲ್ಲ… ಅಲ್ಲಿಂದ ಒಂದು ಬೆರಳು ಹಿಂದ ನಿಂತಾವ."

"ಬಲಕಿನ ಬಾಜೂ?"

"ಅಲ್ಲೂ ಹಂಗ."

ಅವನಿಗೂ ಕಾಣಿಸಿತು. ತೂತಿನ ಸುತ್ತ ಅಚ್ಚುಕಟ್ಟಾದ ಒಂದು ಕಪ್ಪು ವರ್ತುಲ. ವಿಭೂತಿಯ ಒಂದು ಕಣವೂ ಒಳಗೆ ಹೋಗಿರಲಿಲ್ಲ. ಮೂರೂ ಗೆರೆಗಳು ಅದರ ಅಂಚಿಗೆ ಬಂದು ಬಾಗಿ ನಿಂತಿದ್ದವು.

"ಬರೀ ತೂತಿದ್ದರ ಗೆರಿ ಅಂಚಿನ ತನಕ ಹೋಗ್ತಿದ್ದವು," ಅಂದಳು ಗಂಗುಬಾಯಿ. "ಅಲ್ಲಿ ಏನೋ ದುಂಡಗಿಂದು ಅಡ್ಡ ಕುಂತಿತ್ತು. ಲೆನ್ಸಿನ ಅಂಚು. ಅಂದ್ರ ಖಂಡೆಪೂಜಿ ದಿವಸ ಲೆನ್ಸ್ ಈ ಹಲಗಿ ಮ್ಯಾಲೇ ಇತ್ತು. ಈ ಮನ್ಯಾಗ. ಪ್ರಣಿತಾ ಕೊಟ್ಟಾಳ, ನಿನ್ನ ಹೆಂಡ್ತಿ ತಂದಾಳ. ಇಬ್ಬರದೂ ಖರೆ."

ದಿಲೀಪ ತಲೆ ಎತ್ತಿದ. "ಮತ್ತ—"

"ಬಾಗಿಲಾ ಹಾಕ್ಕೊಂಡು ಪೂಜಿ ಮಾಡಿದವರು ಒಬ್ಬರ. ಇನ್ನೂ ಒಂದದ. ಗೆರಿ ನೆಟ್ಟಗಿಲ್ಲ. ನೀರಿನಂಗ ಅಲುಗ್ಯಾವ. ಜನ್ಮಪೂರ್ತಿ ವಿಭೂತಿ ಹಚ್ಚಿದ ಕೈ ಹಂಗ ಯಾಕ ಎಳೀತದ?" ಅವಳ ದನಿ ಮೆತ್ತಗಾಯಿತು. "ಕಾಕಾ, ಚಹಾ ಕುಡೀರಿ."

ಸಂಗಪ್ಪ ಚಹಾದ ಕಪ್ಪಿನ ಕಡೆ ನೋಡಿದರು. ಆಮೇಲೆ ಶಾಲಿನಿಂದ ಬಲಗೈ ಹೊರಗೆ ಬಂತು. ಅದು ನಡುಗುತ್ತಿತ್ತು, ನಿಲ್ಲಿಸಲು ಎಡಗೈ ಬಂತು, ಅದೂ ನಡುಗಿತು.

"ಹೋದ ಬ್ಯಾಸಗ್ಯಾಗ ಶುರು ಆತು," ಅಂದರು. "ಯಾರಿಗೂ ಹೇಳಲಿಲ್ಲ. ಫೋಟೋದವನ ಕೈ ನಡುಗ್ತದಂದ್ರ ಏನು ಉಳೀತು? ಪೂಜಿ ಆದ ಮ್ಯಾಲ ಗಾಜು ಒರೆಸಬೇಕಂತ ಲೆನ್ಸ್ ಬಿಚ್ಚಿದೆ. ಕೈಯಾಗ ನಿಲ್ಲಲಿಲ್ಲ. ಫರಶಿ ಮ್ಯಾಲ ಬಿತ್ತು."

"ಎಲ್ಲದ ಅದು?" ದಿಲೀಪ ಕೇಳಿದ.

"ಡಾರ್ಕ್‌ರೂಮಿನಾಗ. ಹಳೇ ಪೌಡರಿನ ಡಬ್ಯಾಗ. ಎರಡು ತುಂಡು ಆಗ್ಯದ."

"ಅಪ್ಪಾ, ನಾರಾಯಣಪುರಕ್ಕ ಹೋಗೋ ಮುಂದಾದರೂ ಹೇಳಬಾರದೇನು? ನಾ ಆ ಹುಡುಗಿಗೆ ಏನೇನು ಅಂದು ಬಂದೆ!"

"ದಿನಾ ನಾಳಿ ಹೇಳ್ತೀನಿ ಅಂತಿದ್ದೆ." ಸಂಗಪ್ಪ ತಲೆ ತಗ್ಗಿಸಿದರು. "ನೀ ಗಾಡಿ ಹತ್ತಿ ಹೋದಾಗ ಎಲ್ಲಿ ಹೊಂಟಿ ಅಂತ ಗೊತ್ತಿತ್ತು. ಕೂಗಿ ನಿಲ್ಲಿಸಬಹುದಿತ್ತು. ಬಾಯಿ ಬರಲಿಲ್ಲ. ಲೆನ್ಸ್ ಒಡೆದಿದ್ದು ಕೈ. ಆ ಹುಡುಗಿ ಮಾನ ಕಳೆದಿದ್ದು ನಾನ."

ಗಂಗುಬಾಯಿ ಎದ್ದಳು. "ನನ್ನ ಮುಂದ ಹೇಳಿದ್ರ ಮುಗಿಯಂಗಿಲ್ಲ ಕಾಕಾ. ಬರ್ರಿ."

ಸಂಜೆಗೂ ಮೊದಲೇ ಅವರು ಹುಮನಾಬಾದ್ ಮುಟ್ಟಿದರು. ಪ್ರಣಿತಾಳ ಶೆಡ್ಡಿನ ಎದುರು ಅದೇ ಜನ ಮತ್ತೆ ಕೂಡಿದರು. ಸಂಗಪ್ಪ ಶಾಲು ತೆಗೆದು ಮಗನ ಹೆಗಲಿಗೆ ಹಾಕಿದರು. ನಡುಗುವ ಎರಡೂ ಕೈ ಎಲ್ಲರಿಗೂ ಕಾಣುವಂತೆ ಜೋಡಿಸಿದರು.

"ಲೆನ್ಸ್ ನಾ ಒಡೆದೀನಿ ತಾಯಿ. ನಿನ್ನ ಮ್ಯಾಲ ಬಂದಾಗ ಸುಮ್ಮ ಕುಂತೆ. ತಪ್ಪು ನಂದು."

"ಕೈ ನಡುಗೋದು ತಪ್ಪಲ್ರಿ ಕಾಕಾ," ಅಂದಳು ಪ್ರಣಿತಾ. ಸ್ಟೂಲು ಎಳೆದು ಅವರನ್ನು ಕೂರಿಸಿದಳು.

ದಿಲೀಪ ಮುಂದೆ ಬಂದ. "ನನ್ನ ಕಡಿಂದಾನೂ ಮಾಫ್ ಮಾಡವಾ. ಲೆನ್ಸಿನ ವಿಷಯದಾಗ ಗಲತ್ ಆತು."

"ಲೆನ್ಸಿನ ವಿಷಯ ನಿಮ್ಮಪ್ಪ ಹೇಳಿದ್ರು. ನೀವು ಯಾವುದಕ್ಕ ಕೇಳಾಕತ್ತೀರಿ?"

"ಅದ… ಅವತ್ತು ಅಂದ ಮಾತಿಗೆ."

"ಯಾವ ಮಾತು?"

ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ತಗ್ಗಿದ ದನಿಯಲ್ಲಿ ಶುರು ಮಾಡಿದ, "ನಿಮ್ಮ ಮಂದಿಗೆ…" ಅಲ್ಲಿಗೇ ನಿಂತ. ಸಿಟ್ಟಿನಲ್ಲಿ ಸಲೀಸಾಗಿ ಬಂದಿದ್ದ ಮಾತು ಈಗ ನಾಲಿಗೆಯ ಮೇಲೆ ಸರಿಯಲಿಲ್ಲ.

"ಪೂರಾ ಹೇಳ್ರಿ," ಅಂದಳು ಪ್ರಣಿತಾ. "ಜೋರಾಗಿ."

ಅವನು ಹೇಳಿದ. "ನಿಮ್ಮ ಮಂದಿಗೆ ಮನಿ ಸಾಮಾನು ಮುಟ್ಟಗೊಡಬಾರದು ಅಂತ ಹಿರ್ಯಾರು ಸುಳ್ಳ ಅಂದಿಲ್ಲ ಅಂದೆ." ಹೇಳಿ ಮುಗಿಸುವಾಗ ಅವನ ಕಣ್ಣು ತುಂಬಿದ್ದವು. "ಅದಕ್ಕ ಕೇಳಾಕತ್ತೀನಿ."

ಸ್ಟೂಲಿನ ಮೇಲೆ ಸಂಗಪ್ಪ ಮುಖ ಮುಚ್ಚಿಕೊಂಡರು. ಆ ಮಾತನ್ನು ಮಗ ಯಾರ ಬಾಯಿಂದ ಕಲಿತ ಎಂಬುದು ಅವರಿಗೆ ಗೊತ್ತಿತ್ತು.

ಪ್ರಣಿತಾ ಮಾಫ್ ಮಾಡಿದೆ ಎನ್ನಲಿಲ್ಲ; ಇಲ್ಲ ಎಂದೂ ಅನ್ನಲಿಲ್ಲ.

"ಕೇಳಿಸ್ತು," ಅಂದಳು. "ಈಗ ಹೋಗ್ರಿ."