ತುಂಬದ ಟ್ಯಾಂಕು

ರಂಶೀನಾಳ ಬಾಟಲಿ ಮಾತ್ರ ಕಪ್ಪಾಗಿತ್ತು.

ಲ್ಯಾಬಿನ ಕಿಟಕಿ ಪಕ್ಕದ ಮೇಜಿನ ಮೇಲೆ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿದ್ದವು. ಐದನೇ ಕ್ಲಾಸಿನ ಮಕ್ಕಳು ತಮ್ಮ ತಮ್ಮ ಮನೆಯ ಬಾವಿಯಿಂದ ನೀರು ತಂದು ಅವುಗಳಲ್ಲಿ ತುಂಬಿಸಿ, ಮೇಲೆ ಹೆಸರು ಅಂಟಿಸಿದ್ದರು. ಪ್ರತಿ ಬಾಟಲಿಯೊಳಗೂ ಮದ್ದು ಹಚ್ಚಿದ ಒಂದು ಕಾಗದದ ಚೂರು ಇತ್ತು. ನೀರು ಒಳ್ಳೆಯದಾಗಿದ್ದರೆ ಬಣ್ಣ ಹಾಗೆಯೇ ಇರುತ್ತದೆ, ಕೊಳೆ ಸೇರಿದ್ದರೆ ಕಪ್ಪಾಗುತ್ತದೆ ಎಂದು ಪೂಜಾಶ್ರೀ ಟೀಚರ್ ಮೊದಲೇ ಹೇಳಿದ್ದರು.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ರಂಶೀನಾ ತಲೆಗೆ ಹೊದ್ದ ತಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

ಟೀಚರ್ ನಕ್ಕವನ ಕಡೆಗೊಮ್ಮೆ ನೋಡಿದರು. ಇದರಿಂದ ರಂಶೀನಾಳ ಮನೆಯವರು ಗಲೀಜು ಅಂತ ಅರ್ಥ ಅಲ್ಲ, ಯಾವುದೋ ಟಾಯ್ಲೆಟ್‌ನ ನೀರು ಮಣ್ಣಿನೊಳಗಿಂದ ಬಾವಿಗೆ ಇಳಿಯುತ್ತಿರಬೇಕು ಎಂದು ಬಿಡಿಸಿ ಹೇಳಿದರು. ಮನೆಯ ಸೆಪ್ಟಿಕ್ ಟ್ಯಾಂಕ್ ಬಾವಿಯಿಂದ ಎಷ್ಟು ದೂರ ಇದೆ ಎಂದು ಕೇಳಿದರು. ತಮ್ಮದು ರಸ್ತೆ ಬದಿಯಲ್ಲಿ, ಬಾವಿ ಮನೆಯ ಹಿಂದೆ ಎಂದಳು ರಂಶೀನಾ.

"ಹಾಗಾದ್ರೆ ಬಾವಿಯ ಹತ್ತಿರ ಬೇರೆ ಯಾರ ಟ್ಯಾಂಕಾದ್ರೂ ಉಂಟಾ?"

ರಂಶೀನಾ ಯೋಚಿಸಿ, ಗೊತ್ತಿಲ್ಲ ಎಂದು ತಲೆಯಾಡಿಸಿದಳು.

ಅವಳ ಪಕ್ಕದಲ್ಲೇ ನಿಂತಿದ್ದ ಸೌಮ್ಯಶ್ರೀಗೆ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ನಾಯ್ಮಾರ್ಮೂಲೆಯ ಪೇಟೆಯಿಂದ ಒಳಗೆ ಹೋಗುವ ಇಳಿಜಾರು ರಸ್ತೆಯಲ್ಲಿ ಸೌಮ್ಯಶ್ರೀಯ ಮನೆ ಮೇಲೆ, ರಂಶೀನಾಳ ಮನೆ ಕೆಳಗೆ. ನಡುವೆ ಕೆಂಪುಕಲ್ಲಿನ ಒಂದು ಕಂಪೌಂಡು ಗೋಡೆ. ಗೋಡೆಯ ಕೆಳಗೆ ರಂಶೀನಾಳ ಮನೆಯ ಬಾವಿ. ಗೋಡೆಯ ಮೇಲ್ಬದಿಯಲ್ಲಿ, ಸೌಮ್ಯಶ್ರೀಯ ಅಂಗಳದಲ್ಲಿ, ಸಿಮೆಂಟಿನ ಅಗಲ ಚಪ್ಪಡಿಗಳು. ಅವುಗಳ ಮೇಲೆ ಅವಳ ಅಮ್ಮ ಮೆಣಸು ಒಣಗಿಸುತ್ತಿದ್ದರು. ಗೆಳತಿಯರಿಬ್ಬರೂ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದರು. ಅದು ಟ್ಯಾಂಕಿನ ಮುಚ್ಚಳ ಎಂಬುದು ರಂಶೀನಾಳಿಗೆ ನೆನಪೇ ಆಗದಷ್ಟು ಅದು ಆಟದ ಜಾಗವಾಗಿತ್ತು.

ಆ ಟ್ಯಾಂಕನ್ನು ಕಟ್ಟಿದವರು ಸೌಮ್ಯಶ್ರೀಯ ಅಜ್ಜ, ಪುರಂದರ ಮೇಸ್ತ್ರಿ. ಆ ಊರಿನ ಎಷ್ಟೋ ಮನೆಗಳು ಅವರ ಕೈಯಿಂದಲೇ ಎದ್ದಿದ್ದವು. ಈಗ ಅವರು ಕೆಲಸ ಬಿಟ್ಟಿದ್ದರೂ ಯಾರ ಮನೆಯಲ್ಲಾದರೂ ಟ್ಯಾಂಕ್ ತುಂಬಿ ಹೊರಗೆ ಹರಿದರೆ ಅಜ್ಜನ ಮುಖದಲ್ಲಿ ಸಣ್ಣ ನಗು ಮೂಡುತ್ತಿತ್ತು. "ನನ್ನದು ಕಟ್ಟಿದ ಮೇಲೆ ಒಮ್ಮೆಯೂ ತುಂಬ್ಲಿಲ್ಲ. ಮುಚ್ಚಳ ತೆಗೆದದ್ದೇ ಇಲ್ಲ" ಎನ್ನುತ್ತಿದ್ದರು. ಸೌಮ್ಯಶ್ರೀಯೂ ಈ ಮಾತನ್ನು ಶಾಲೆಯಲ್ಲಿ ಕೆಲವರಿಗೆ ಹೇಳಿದ್ದಳು.

ಸಂಜೆ ಇಬ್ಬರೂ ಬಸ್ಸಿಳಿದು ನಡೆದರು. ಮನೆ ಹತ್ತಿರ ಬಂದಾಗ ರಂಶೀನಾ ಕೇಳಿದಳು, "ಅಶ್ಕರ್‌ಗೆ ಆಗಾಗ ಹೊಟ್ಟೆನೋವು ಬರುದು ಇದರಿಂದಲೇ ಇರ್ಬೇಕು, ಅಲ್ವಾ?"

ಅಶ್ಕರ್ ಅವಳ ತಮ್ಮ, ಇನ್ನೂ ಅಂಗನವಾಡಿಗೆ ಹೋಗುವವನು. ಕಳೆದ ಮಳೆಗಾಲದಲ್ಲಿ ಅವನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಸೌಮ್ಯಶ್ರೀ "ಗೊತ್ತಿಲ್ಲ ಮಾರಾಯ್ತಿ" ಎಂದಳು. ಹೇಳಿದವಳೇ ತನ್ನ ಮನೆಯ ಗೇಟಿನೊಳಗೆ ಓಡಿದಳು.

ಅಜ್ಜ ಮನೆ ಮುಂದಿನ ಸಿಟೌಟಿನಲ್ಲಿ ಕೂತು ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಸೌಮ್ಯಶ್ರೀ ಬ್ಯಾಗು ಇಳಿಸದೆ ಮೆಟ್ಟಿಲ ಮೇಲೆ ಕುಳಿತಳು. ನೇರವಾಗಿ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

"ಅಜ್ಜ, ನಮ್ಮ ಟ್ಯಾಂಕ್ ಯಾಕೆ ತುಂಬುದಿಲ್ಲ?"

ಅಜ್ಜನಿಗೆ ಖುಷಿಯಾಯಿತು. ಟ್ಯಾಂಕ್ ಕಟ್ಟಿದ ಬಗೆಯನ್ನು ಗಾಳಿಯಲ್ಲಿ ಕೈಯಾಡಿಸುತ್ತ ವಿವರಿಸಿದರು. ಸುತ್ತ ಕೆಂಪುಕಲ್ಲು, ಕಲ್ಲುಗಳ ನಡುವೆ ಸಿಮೆಂಟಿಲ್ಲ, ಅಡಿಯಲ್ಲಿ ಬರೀ ಮಣ್ಣು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಕಟ್ಟುತ್ತಿದ್ದರಂತೆ.

"ನೀರನ್ನೆಲ್ಲ ಮಣ್ಣೇ ಕುಡೀತದೆ. ಮತ್ತೆ ತುಂಬುದು ಹೇಗೆ?"

"ಮಣ್ಣು ಕುಡಿದ ನೀರು ಎಲ್ಲಿಗೆ ಹೋಗ್ತದೆ ಅಜ್ಜ?"

"ಎಲ್ಲಿಗೆ ಅಂದ್ರೆ, ಕೆಳಗೆ..." ಎಂದರು ಅಜ್ಜ. ಅವರು ಕಂಪೌಂಡು ಗೋಡೆಯ ಕಡೆ ನೋಡಿದರು. ಗೋಡೆಯ ಆಚೆ ರಂಶೀನಾಳ ಮನೆಯ ಬಾವಿಯ ರಾಟೆ ಕಾಣಿಸುತ್ತಿತ್ತು.

ಆಮೇಲೆ ಸೌಮ್ಯಶ್ರೀ ಕಪ್ಪಾದ ಬಾಟಲಿಯ ಸಂಗತಿಯನ್ನು ಹೇಳಿದಳು. ಟೀಚರ್ ಕೇಳಿದಾಗ ತಾನು ಸುಮ್ಮನಿದ್ದುದನ್ನೂ ಹೇಳಿದಳು. ಅಜ್ಜ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಒಳಗೆ ಹೋದರು.

ಅಪ್ಪ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ಇದೇ ಮಾತು. ಅಪ್ಪ ಹೇಳುವುದರಲ್ಲೂ ಸುಳ್ಳಿರಲಿಲ್ಲ. ಟ್ಯಾಂಕ್ ಕಟ್ಟುವಾಗ ಕೆಳಗೆ ಬರೀ ಮುಳಿಹುಲ್ಲು ಬೆಳೆದ ಖಾಲಿ ಜಾಗ ಇದ್ದದ್ದು. ರಂಶೀನಾಳ ಮನೆಯವರು ಬಂದು ಬಾವಿ ತೋಡಿದ್ದು ಆಮೇಲೆ. ಅವರು ತಾನೆ ನೋಡಿಕೊಂಡು ತೋಡಬೇಕಿತ್ತು? ಈಗ ನಾವಾಗಿ ಹೋಗಿ ಹೇಳಿದರೆ ಸುಮ್ಮನೆ ಜಗಳಕ್ಕೆ ದಾರಿ ಎಂಬುದು ಅಪ್ಪನ ಅಭಿಪ್ರಾಯ. ಅಜ್ಜ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆಯೇ ಎದ್ದರು.

ಅಜ್ಜನ ಮೇಲೆ ಚಾಡಿ ಹೇಳಿದ ಹಾಗೆ ಆಯಿತಲ್ಲ ಎಂದು ಸೌಮ್ಯಶ್ರೀಗೆ ಅಳು ಬಂತು.

ಮರುದಿನ ಶನಿವಾರ. ಅವಳು ಏಳುವಷ್ಟರಲ್ಲಿ ಅಜ್ಜ ಮುಂಡು ಮೇಲೆತ್ತಿ ಕಟ್ಟಿ, ಹಾರೆ ಹಿಡಿದು ಚಪ್ಪಡಿಗಳ ಹತ್ತಿರ ನಿಂತಿದ್ದರು. ಅಪ್ಪ ಗೊಣಗುತ್ತಲೇ ಇನ್ನೊಂದು ತುದಿಗೆ ಕೈ ಹಾಕಿದರು. ಮುಚ್ಚಳ ಸರಿದ ಕೂಡಲೇ ಅಜ್ಜ ಎಲ್ಲರನ್ನೂ ದೂರ ಕಳಿಸಿದರು. ಒಳಗಿನ ಗ್ಯಾಸು ಒಳ್ಳೆಯದಲ್ಲ, ಬಗ್ಗಿ ನೋಡಬಾರದು, ಇಳಿಯುವುದಂತೂ ಇಲ್ಲವೇ ಇಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಉದ್ದದ ಬಿದಿರು ಕೋಲನ್ನು ದೂರದಿಂದಲೇ ಇಳಿಸಿ, ಮೇಲೆತ್ತಿ ನೋಡಿದರು. ಕೋಲಿನ ತುದಿಗಷ್ಟೇ ಕೆಸರು ಮೆತ್ತಿತ್ತು.

ಇಷ್ಟು ವರ್ಷಗಳ ನೀರು ಒಳಗೆ ನಿಂತೇ ಇರಲಿಲ್ಲ.

ಅಜ್ಜ ಚಪ್ಪಡಿಯನ್ನು ಮೊದಲಿನಂತೆ ಮುಚ್ಚಿಸಿದರು. ಸ್ನಾನ ಮಾಡಿ, ಮದುವೆಗೆ ಹೋಗುವಾಗ ಹಾಕುವ ಬಿಳಿ ಅಂಗಿ ಹಾಕಿಕೊಂಡರು. ಗೇಟು ದಾಟಿ ಕೆಳಗಿನ ಮನೆಯತ್ತ ಹೊರಟಾಗ ಸೌಮ್ಯಶ್ರೀ ಹಿಂದೆಯೇ ಓಡಿದಳು. ಬರಬೇಡ ಎಂದು ಅವರು ಹೇಳಲಿಲ್ಲ.

ರಂಶೀನಾಳ ಉಮ್ಮ ಹಲೀಮಾ ಬಾವಿಕಟ್ಟೆಯನ್ನು ತಿಕ್ಕುತ್ತಿದ್ದರು. ಮೇಸ್ತ್ರಿಯನ್ನು ಕಂಡು ಕೈ ಒರೆಸಿಕೊಂಡು ಎದ್ದರು. ಅಜ್ಜ ಕೂರಲಿಲ್ಲ.

"ಹಲೀಮಾ, ನಿಮ್ಮ ಬಾವಿಗೆ ಬರುದು ನನ್ನ ಟ್ಯಾಂಕಿನ ನೀರು. ಇವತ್ತು ತೆಗೆದು ನೋಡಿದೆ. ನಾನು ಕಟ್ಟಿದ್ದು, ನಾನೇ ಸರಿ ಮಾಡ್ತೇನೆ."

ಹಲೀಮಾ ಆಂಟಿ ಬೈಯುತ್ತಾರೆ ಎಂದುಕೊಂಡಿದ್ದಳು ಸೌಮ್ಯಶ್ರೀ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತರು. ಶಾಲೆಯ ಸುದ್ದಿ ಕೇಳಿದಾಗಿನಿಂದ ತಪ್ಪು ತನ್ನದೇ ಎಂದುಕೊಂಡಿದ್ದರಂತೆ. ತಾನೇ ಸರಿಯಾಗಿ ಶುಚಿ ನೋಡಿಕೊಳ್ಳಲಿಲ್ಲ, ಅದಕ್ಕೇ ಮಗನಿಗೆ ಕಾಯಿಲೆ ಬಂತು ಎಂದುಕೊಂಡು ನಿನ್ನೆಯಿಂದ ಈ ಕಟ್ಟೆಯನ್ನು ತಿಕ್ಕುತ್ತಲೇ ಇದ್ದರಂತೆ.

"ನನ್ನ ಮಗ ಆಸ್ಪತ್ರೆಯಲ್ಲಿದ್ದ ಮೇಸ್ತ್ರಿ" ಎಂದರು ಅವರು ಮೆಲ್ಲನೆ.

"ಗೊತ್ತುಂಟು" ಎಂದರು ಅಜ್ಜ.

ಹಲೀಮಾ ಆಂಟಿ ಒಳಗೆ ಹೋಗಿ ಚಾ ತಂದರು. ತಂದವರು ಬಾಗಿಲಲ್ಲೇ ನಿಂತುಬಿಟ್ಟರು. ಇದೇ ಬಾವಿಯ ನೀರಿನ ಚಾ. ಕೊಡುವುದೋ ಬೇಡವೋ ಎಂದು ಅವರಿಗೆ ಅನ್ನಿಸಿರಬೇಕು. ಅಜ್ಜ ತಾವೇ ಕೈ ಚಾಚಿ ಲೋಟ ತೆಗೆದುಕೊಂಡು, ಅಲ್ಲೇ ಕಟ್ಟೆಯ ಮೇಲೆ ಕುಳಿತು ಪೂರ್ತಿ ಕುಡಿದರು.

ಅವತ್ತು ಸಂಜೆಯೇ ಗೋಡೆಯ ಮೇಲಿಂದ ಒಂದು ಉದ್ದದ ಪೈಪು ಕೆಳಗಿಳಿಯಿತು. ಸೌಮ್ಯಶ್ರೀಯ ಮನೆಯ ಬಾವಿ ಹಿಂಬದಿಯ ಎತ್ತರದಲ್ಲಿತ್ತು, ಅದರ ನೀರಿಗೆ ತೊಂದರೆ ಇರಲಿಲ್ಲ. ದಿನಾ ಬೆಳಿಗ್ಗೆ ಮೇಲೆ ಸೌಮ್ಯಶ್ರೀ ನಳ್ಳಿ ತಿರುಗಿಸುವುದು, ಕೆಳಗೆ ರಂಶೀನಾ ಕೊಡ ಹಿಡಿದು "ಬಂತು", "ಸಾಕು" ಎಂದು ಕೂಗುವುದು ಶುರುವಾಯಿತು.

ಹೊಸ ಟ್ಯಾಂಕಿಗೆ ಜಾಗ ಹುಡುಕುವಾಗ ಅಮ್ಮನಿಗೂ ಅಜ್ಜನಿಗೂ ಸ್ವಲ್ಪ ಮಾತಾಯಿತು. ಎರಡೂ ಮನೆಗಳ ಬಾವಿಯಿಂದ ದೂರ ಇದ್ದದ್ದು ಗೇಟಿನ ಪಕ್ಕದ ಜಾಗ ಮಾತ್ರ. ಅಲ್ಲಿ ಅಮ್ಮನ ದಾಸವಾಳದ ಗಿಡಗಳಿದ್ದವು. ಮನೆಗೆ ಬಂದವರಿಗೆ ಮೊದಲು ಕಾಣುವುದೇ ಟಾಯ್ಲೆಟ್ಟಿನ ಟ್ಯಾಂಕ್ ಆದರೆ ಹೇಗೆ ಎಂದು ಅಮ್ಮ ಕೇಳಿದರು.

"ಕಾಣಲಿ" ಎಂದರು ಅಜ್ಜ. "ಕಣ್ಣೆದುರು ಇದ್ರೆ ಮುಚ್ಚಳ ತೆಗೀಲಿಕ್ಕೆ ನೆನಪಾಗ್ತದೆ."

ಅಮ್ಮ ದಾಸವಾಳದ ಗೆಲ್ಲುಗಳನ್ನು ಕತ್ತರಿಸಿ ಬೇರೆ ಕಡೆ ಊರಿದರು.

ಕಲ್ಲು ಹೊರಲು, ಮಣ್ಣು ತೆಗೆಯಲು ಆಳುಗಳು ಬಂದರು. ಆದರೆ ಗುಂಡಿಯ ಅಡಿಗೆ ಕಾಂಕ್ರೀಟ್ ಹಾಕಿದ ಮೇಲೆ ಅದರ ಮೇಲಿನ ಸಿಮೆಂಟನ್ನು ಅಜ್ಜ ಬೇರೆ ಯಾರಿಗೂ ಬಿಡಲಿಲ್ಲ. ಬೇಡ, ಬೆನ್ನು ಹಿಡಿಯುತ್ತದೆ ಎಂದು ಅಪ್ಪ ಎಷ್ಟು ಹೇಳಿದರೂ ಕೇಳದೆ ಏಣಿಯಲ್ಲಿ ಇಳಿದು, ಮೊಣಕಾಲೂರಿ, ಕರಣೆಯಿಂದ ಮೂಲೆ ಮೂಲೆಯನ್ನೂ ನುಣ್ಣಗೆ ತೀಡಿದರು. ಸೌಮ್ಯಶ್ರೀ ಮತ್ತು ರಂಶೀನಾ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಅಜ್ಜ ಕೆಲಸ ಮಾಡುವುದನ್ನು ಸೌಮ್ಯಶ್ರೀ ನೋಡಿದ್ದು ಅದೇ ಮೊದಲು. ಮಾತಿನಲ್ಲಿ ಅಷ್ಟು ಗಡಿಬಿಡಿಯ ಅಜ್ಜ ಕರಣೆ ಹಿಡಿದರೆ ಎಷ್ಟು ನಿಧಾನ.

ನಡುನಡುವೆ ಮೇಲೆ ನೋಡಿ ಅವರು ಪಾಠವನ್ನೂ ಮಾಡುತ್ತಿದ್ದರು. ಟ್ಯಾಂಕಿನ ಮೊದಲ ಕೋಣೆಯಲ್ಲಿ ಕೆಸರು ಕೆಳಗೆ ಕೂರುತ್ತದೆ. ಎರಡನೆಯ ಕೋಣೆಗೆ ತಿಳಿಯಾದದ್ದು ಮಾತ್ರ ಬರುತ್ತದೆ. ಅಲ್ಲಿಂದ ಅದು ಬಾವಿಗಳಿಂದ ದೂರದಲ್ಲಿ ಜಲ್ಲಿ ತುಂಬಿದ ಹೊಂಡಕ್ಕೆ ಹೋಗಿ ಇಂಗುತ್ತದೆ. ಕೆಲವು ವರ್ಷಕ್ಕೊಮ್ಮೆ ಲಾರಿ ತರಿಸಿ ಕೆಸರು ತೆಗೆಸಲೇಬೇಕು. ಟಾಯ್ಲೆಟ್‌ಗೆ ಪ್ಲಾಸ್ಟಿಕ್ ಹಾಕುವ ಹಾಗಿಲ್ಲ, ಆ್ಯಸಿಡ್ ಸುರಿಯುವ ಹಾಗೂ ಇಲ್ಲ. ಟ್ಯಾಂಕಿನೊಳಗೆ ಕೊಳೆಯನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ, ಅವು ಸತ್ತರೆ ಟ್ಯಾಂಕ್ ಕೆಲಸ ಮಾಡುವುದಿಲ್ಲ. ಇದನ್ನೆಲ್ಲ ಅಜ್ಜ ಯಾವಾಗ ಕಲಿತರೋ. ಪೇಟೆಯಲ್ಲಿ ಒಬ್ಬ ಎಂಜಿನಿಯರ್ ಹತ್ತಿರ ಹೋಗಿ ಕೇಳಿಕೊಂಡು ಬಂದರು ಎಂದು ಅಪ್ಪ ಆಮೇಲೆ ಹೇಳಿದರು. ಯಾರ ಹತ್ತಿರವೂ ಕೇಳದ ಮೇಸ್ತ್ರಿ ಅವರು.

ಸಿಮೆಂಟು ಗಟ್ಟಿಯಾದ ಮೇಲೆ ಅಜ್ಜ ಟ್ಯಾಂಕಿಗೆ ಬಾವಿ ನೀರು ತುಂಬಿಸಿದರು. ನೀರು ನಿಂತಲ್ಲಿ ಗೋಡೆಗೆ ಮಸಿಯಿಂದ ಒಂದು ಗೆರೆ ಎಳೆದರು. ಸೋರಿದರೆ ಬೆಳಿಗ್ಗೆ ನೀರು ಗೆರೆಯಿಂದ ಕೆಳಗಿರುತ್ತದೆ.

ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಇಣುಕಿ, ಇದೆಂತ ಸ್ವಿಮ್ಮಿಂಗ್ ಪೂಲಾ ಎಂದು ತಮಾಷೆ ಮಾಡಿದರು. ಅಜ್ಜ ನಗಲಿಲ್ಲ. ಪರೀಕ್ಷೆ ಬರೆದ ಹುಡುಗನ ಹಾಗೆ ಆ ಸಂಜೆಯೆಲ್ಲ ಅಂಗಳದಲ್ಲಿ ಆಚೆ ಈಚೆ ನಡೆದರು.

ಬೆಳಿಗ್ಗೆ ಸೌಮ್ಯಶ್ರೀ ಮುಖ ತೊಳೆಯದೆ ಗೇಟಿನ ಹತ್ತಿರ ಓಡಿದಳು. ಅಜ್ಜ ಅವಳಿಗಿಂತ ಮೊದಲೇ ಬಂದಿದ್ದರು. ನೀರು ಗೆರೆಗೆ ತಾಗಿಕೊಂಡೇ ನಿಂತಿತ್ತು, ಒಂದು ನೂಲಿನಷ್ಟೂ ಇಳಿದಿರಲಿಲ್ಲ. ಅಜ್ಜ ನೇರ ಕೆಳಗಿನ ಮನೆಗೆ ಹೋಗಿ ಹಲೀಮಾ ಆಂಟಿಯನ್ನು ಕರೆದುಕೊಂಡು ಬಂದರು. ಅವರೂ ಬಗ್ಗಿ ಗೆರೆಯನ್ನು ನೋಡಿದರು. ಅವರ ಸೆರಗು ಹಿಡಿದು ಬಂದಿದ್ದ ಅಶ್ಕರ್ ಇದರಲ್ಲಿ ಮೀನು ಉಂಟಾ ಎಂದು ಕೇಳಿದ. ಆಗ ಮಾತ್ರ ಅಜ್ಜ ನಕ್ಕರು.

ಆಮೇಲಿನ ಕೆಲಸಗಳು ಒಂದರ ಹಿಂದೆ ಒಂದು ನಡೆದವು. ಮನೆಯ ಪೈಪನ್ನು ಹೊಸ ಟ್ಯಾಂಕಿಗೆ ಜೋಡಿಸಿದರು. ಕ್ಲೀನ್ ಮಾಡುವ ಲಾರಿ ಬಂದು ಹಳೆಯ ಟ್ಯಾಂಕಿನ ಕೆಸರನ್ನೆಲ್ಲ ಎಳೆದುಕೊಂಡು ಹೋಯಿತು. ಮಕ್ಕಳು ಮೂಗು ಮುಚ್ಚಿಕೊಂಡು ಕೊನೆಯವರೆಗೂ ನೋಡಿದರು. ಖಾಲಿಯಾದ ಹೊಂಡಕ್ಕೆ ಸುಣ್ಣ ಹಾಕಿ ಮಣ್ಣು ತುಂಬಿಸಿದರು. ಕೆಳಗಿನ ಬಾವಿಯ ನೀರನ್ನು ಪಂಪಿನಿಂದ ಮತ್ತೆ ಮತ್ತೆ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿದರು.

ತಿಂಗಳುಗಳು ಕಳೆದ ಮೇಲೆ ಪೂಜಾಶ್ರೀ ಟೀಚರ್ ಆ ಬಾವಿಯ ನೀರನ್ನು ಇನ್ನೊಮ್ಮೆ ಪರೀಕ್ಷೆಗೆ ಇಟ್ಟರು. ಈ ಸಲ ಕಪ್ಪಾಗಲಿಲ್ಲ. ಹೇಗೆ ಸರಿಯಾಯಿತು ಎಂದು ಕ್ಲಾಸಿನಲ್ಲಿ ಕೇಳಿದಾಗ ರಂಶೀನಾ ಸೌಮ್ಯಶ್ರೀಯ ಮುಖ ನೋಡಿದಳು. ಸೌಮ್ಯಶ್ರೀ ಎದ್ದು ನಿಂತಳು.

"ನಮ್ಮ ಟ್ಯಾಂಕಿನ ನೀರು ಅವರ ಬಾವಿಗೆ ಹೋಗ್ತಾ ಇತ್ತು ಟೀಚರ್. ಅಜ್ಜ ಬೇರೆ ಟ್ಯಾಂಕ್ ಕಟ್ಟಿದ್ರು."

ಯಾರೂ ನಗಲಿಲ್ಲ. ನಕ್ಕಿದ್ದರೂ ಅವಳು ಕೂರುತ್ತಿರಲಿಲ್ಲ.

ಆ ಭಾನುವಾರ ಅಜ್ಜ ಅಳತೆಯ ಟೇಪನ್ನು ಅವಳ ಕೈಗೆ ಕೊಟ್ಟು, ಬಾ ಎಂದರು. ಇಬ್ಬರೂ ಮಸೀದಿಯ ಹಿಂದಿನ ದಾರಿಯಲ್ಲಿ ನಡೆದು, ಹಸಿರು ಗೇಟಿನ ಒಂದು ಹಳೆಯ ಮನೆಯ ಮುಂದೆ ನಿಂತರು. ಅಜ್ಜ ಬೆಲ್ ಒತ್ತಿದರು. ವಸುಮತಿ ಎಂಬ ರಿಟೈರ್ಡ್ ಟೀಚರ್ ಬಾಗಿಲು ತೆಗೆದು, ಎಷ್ಟು ಸಮಯ ಆಯಿತು ಮೇಸ್ತ್ರಿ ನಿಮ್ಮನ್ನು ಕಾಣದೆ, ಎಂತ ವಿಶೇಷ ಎಂದು ಕೇಳಿದರು.

"ನಿಮ್ಮ ಟ್ಯಾಂಕ್ ನಾನು ಕಟ್ಟಿದ್ದಲ್ವಾ ಟೀಚರ್? ಅಡಿಗೆ ಸಿಮೆಂಟ್ ಹಾಕಿರ್ಲಿಲ್ಲ. ಬಾವಿಯಿಂದ ಎಷ್ಟು ದೂರ ಉಂಟು ಅಂತ ನೋಡಿ ಹೋಗುವ ಅಂತ ಬಂದೆ."

ಅಜ್ಜ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಈ ದಾರಿಯಲ್ಲಿ ಅವರು ಕಟ್ಟಿದ ಮನೆಗಳು ಇನ್ನೂ ಎಷ್ಟಿವೆ ಎಂದು ಸೌಮ್ಯಶ್ರೀ ಮನಸ್ಸಿನಲ್ಲೇ ನೆನಪು ಮಾಡಿಕೊಂಡಳು. ತುಂಬಾ ಇದ್ದವು. ಎಲ್ಲ ಮುಗಿಯಲು ಎಷ್ಟೋ ಭಾನುವಾರಗಳು ಬೇಕಾಗಬಹುದು.

ಅವಳು ಟೇಪಿನ ತುದಿಯನ್ನು ಎಳೆದು, ಟ್ಯಾಂಕಿನ ಹತ್ತಿರ ಹೋಗಿ ನಿಂತ ಅಜ್ಜನ ಕೈಗೆ ಕೊಟ್ಟಳು. ಆಮೇಲೆ ಟೇಪು ಬಿಚ್ಚುತ್ತಾ ಬಾವಿಯ ಕಡೆಗೆ ನಡೆದಳು.