ಬಿಟ್ಟುಹೋದ ಹೊಸ ಪರದೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ರಿಪೇರಿ ಅಂಗಡಿಯ ಮಾಲೀಕ ಠಾಣೆಗೆ ಬಂದು ದೂರು ಕೊಟ್ಟ. ಅಂಗೈಯಲ್ಲಿ ಹಿಡಿದು ಆಡುವ ಹಳೆಯ ಕಾಲದ ವಿಡಿಯೋ ಗೇಮ್ ಒಂದು ರಿಪೇರಿಯಾದದ್ದನ್ನು ಪರೀಕ್ಷಿಸುವ ಮೇಜಿನಿಂದ ಕಳುವಾಗಿತ್ತು. ಆಟಿಕೆಗೂ ಎಫ್‌ಐಆರೇ ಎಂದು ಹೆಡ್ ಕಾನ್‌ಸ್ಟೆಬಲ್ ಮುಸಿಮುಸಿ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಕಳವು ಕಳವೇ, ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹಿಂದಿನ ಸಂಜೆ ಆ ಗೇಮಿಗೆ ಜೋಡಿಸಿ ನೋಡಿದ್ದ ಹೊಸ ಪರದೆ ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಬಿಚ್ಚಿಟ್ಟಿದ್ದ, ಗೆರೆ ಬಿದ್ದ ಹಳೆಯ ಪರದೆ ಮಾತ್ರ ಗೇಮಿನ ಜೊತೆಗೇ ಮಾಯವಾಗಿತ್ತು.

"ಬೆಲೆ ಬಾಳೋದು ಯಾವುದು?" ಇನ್‌ಸ್ಪೆಕ್ಟರ್ ಮಾಲೀಕನನ್ನು ಕೇಳಿದರು.

"ಹೊಸದೇ ಸರ್. ಹಳೇದು ಕಸ."

"ಕಸ ಹೊತ್ಕೊಂಡು ಹೋದ್ನಾ? ಎಂಥ ಕಳ್ಳನಪ್ಪ ಇವನು!" ಎಂದ ಹೆಡ್ ಕಾನ್‌ಸ್ಟೆಬಲ್.

ಹೊಸ ಪರದೆಯ ಮೇಲಿನ ತೆಳು ರಕ್ಷಣಾ ಹಾಳೆಯನ್ನು ಪರೀಕ್ಷೆಗೆಂದು ಸುಲಿದಿದ್ದರಂತೆ. ಈಗ ಅದು ಒಂದು ಗುಳ್ಳೆಯೂ ಇಲ್ಲದೆ ಮತ್ತೆ ಕೂತಿತ್ತು. ಇನ್‌ಸ್ಪೆಕ್ಟರ್ ಬೇರೊಂದು ಪರದೆಯ ಹಾಳೆ ಸುಲಿದು ತಾವೇ ಮತ್ತೆ ಅಂಟಿಸಿ ನೋಡಿದರು. ಹಾಳೆಯ ತುಂಬ ಗುಳ್ಳೆ.

"ಇದು ಯಾರ ಕೈಗೆ ಒಲಿಯುತ್ತೆ?"

"ನಮ್ಮಲ್ಲಿ ಪರದೆ ಜೋಡಿಸೋಳಿಗೆ ಒಬ್ಬಳಿಗೇ ಸರ್, ಪರದೆ ಅಕ್ಕ ಅಂತೀವಿ ಅವಳನ್ನ. ಪರೀಕ್ಷೆ ಮಾಡೋಳು ಅವಳೇ. ಆದ್ರೆ ಅವಳು ಅಂಥವಳಲ್ಲ!"

ಮಾತು ಜಾರಿದ ಮೇಲೆ ಮಾಲೀಕ ತುಟಿ ಕಚ್ಚಿಕೊಂಡ. ಅಂಗಡಿಯ ಇನ್ನೊಂದು ಬೀಗದ ಕೈ ಇದ್ದದ್ದೂ ಅವಳ ಹತ್ತಿರವೇ. ಆ ದಿನ ಅವಳು ಕೆಲಸಕ್ಕೂ ಬಂದಿರಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಅವಳ ಮನೆಗೆ ಹೋದರು. ಅವಳು ಟವೆಲಿನಲ್ಲಿ ಸುತ್ತಿಟ್ಟ ಗೇಮನ್ನು ತಂದು ಮುಂದಿಟ್ಟಳು.

"ಹೊಸ ಪರದೆ ಯಾಕೆ ಬಿಟ್ರಿ?"

"ಅದು ತಮ್ಮನದಲ್ಲ ಸರ್. ಅಂಗಡೀದು."

ಗುಂಡಿ ಒತ್ತಿದಳು. ಗೆರೆಗಳ ನಡುವೆ, ಅರ್ಧಕ್ಕೆ ನಿಂತ ಆಟವೊಂದು ಮೂಡಿತು. ಆಟದ ವೀರನ ಹೆಸರು ಅಕ್ಕು.

"ತಮ್ಮ ನನ್ನ ಹಾಗೇ ಕರೀತಿದ್ದ. ಆಸ್ಪತ್ರೆ ಮಂಚದ ಮೇಲೆ ಆಡ್ತಿದ್ದದ್ದು ಇದನ್ನೇ. ಅವನು ಹೋದ್ಮೇಲೆ, ಕಣ್ಣಿಗೆ ಬಿದ್ರೆ ಅಮ್ಮ ಅಳ್ತಾರೆ ಅಂತ ಅಪ್ಪ ಯಾರಿಗೋ ಕೊಟ್ಬಿಟ್ರು. ನಿನ್ನೆ, ಅಂಗಡಿಯವರು ಕೊಂಡು ತಂದ ಹಳೇ ಗೇಮ್‌ಗಳ ರಾಶೀಲಿ ಸಿಕ್ತು."

ಹೊಸ ಪರದೆ ಹಾಕಿದ ಮೇಲೆ ಆಟವನ್ನು ಮೊದಲಿಂದ ಶುರುಮಾಡಿ, ಒಂದು ಹಂತ ಮುಗಿಸಿ, ಸೇವ್ ಮಾಡಿ ನೋಡುವುದು ಆ ಅಂಗಡಿಯ ಕ್ರಮ. ಹಾಗೆ ಮಾಡಿದರೆ ಮೊದಲಿದ್ದ ಆಟ ಅಳಿಸಿಹೋಗುತ್ತದೆ.

"ಎಷ್ಟೋ ಜನರದ್ದು ಅಳಿಸಿದೀನಿ ಸರ್. ಒಂದಿನಾನೂ ಹೆಸರು ಓದಿರ್ಲಿಲ್ಲ. ಇದಕ್ಕೆ ಮಾತ್ರ ಕೈ ಬರ್ಲಿಲ್ಲ."

"ಮಾಲೀಕರನ್ನ ಕೇಳಬಹುದಿತ್ತಲ್ಲಮ್ಮ?"

"ನಂಗೇ ಕೊಡಿ ಅಂತ ಕೇಳ್ದೆ. ಮಾರ್ತೀನಿ ಅಂತ ಗಿರಾಕಿಗೆ ಮಾತು ಕೊಟ್ಟಾಗಿದೆ, ಬೆಳಿಗ್ಗೆ ಬರ್ತಾರೆ ಅಂದ್ರು. ಯಾಕೆ ಬೇಕು ಅಂತ ಮಾತ್ರ ನಾನು ಹೇಳ್ಲಿಲ್ಲ."

ಇನ್‌ಸ್ಪೆಕ್ಟರ್ ಗೇಮನ್ನು ಮತ್ತೆ ಟವೆಲಿನಲ್ಲಿ ಜೋಪಾನವಾಗಿ ಸುತ್ತಿದರು. ಆದರೂ ಕಾನೂನು ಕಾನೂನೇ. ಮೂರು ಗಂಟೆಗೆ ಬಂಧನವಾಯಿತು, ಗೇಮ್ ಜಪ್ತಿಯಾಯಿತು. ಪೊಟ್ಟಣಕ್ಕೆ ಅರಗು ಹಾಕುವಾಗ ಅವಳು ಕೇಳಿಕೊಂಡದ್ದು ಒಂದೇ.

"ಜಾಮೀನು ಸಿಗದಿದ್ರೂ ಪರವಾಗಿಲ್ಲ ಸರ್. ಯಾರೂ ಅದರಲ್ಲಿ ಹೊಸ ಆಟ ಶುರು ಮಾಡ್ದೆ ಇದ್ರೆ ಸಾಕು."

ಬೆಳಿಗ್ಗೆ ನಕ್ಕಿದ್ದ ಹೆಡ್ ಕಾನ್‌ಸ್ಟೆಬಲ್ ಯಾರೂ ಹೇಳದೆಯೇ ಪೆನ್ನು ತೆಗೆದು, ಪೊಟ್ಟಣಕ್ಕೆ ಅಂಟಿಸುವ ಮುದ್ದೆಮಾಲಿನ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದ: "ಒಳಗಿನ ಆಟವನ್ನು ಯಾರೂ ಹೊಸದಾಗಿ ಶುರುಮಾಡತಕ್ಕದ್ದಲ್ಲ." ಇನ್‌ಸ್ಪೆಕ್ಟರ್ ಅದರ ಕೆಳಗೆ ಸಹಿ ಹಾಕಿದರು.