ಹನ್ನೊಂದನೇ ‘ವಾಟರ್’

“ಇನ್ನೊಂದ್ಸಲ ಹೇಳಿ.”

ಗಾಜಿನ ಆಚೆಯಿಂದ ಅವನ ದನಿ. ಇದು ಹನ್ನೊಂದನೇ ಸಲ!

“ವಾಟರ್,” ಎಂದಳು ಅವಳು, ಹಲ್ಲು ಕಚ್ಚಿಕೊಂಡು. ಯಂತ್ರದ ಹಸಿರು ದೀಪ ಹತ್ತಲಿಲ್ಲ. ಅವನು ಕಾಗದದ ಮೇಲೆ ಕೆಂಪು ಗೆರೆ ಎಳೆದ.

ಮಲಗಿದಲ್ಲಿಂದಲೇ ರೋಗಿ ಕೇಳಿದ್ದನ್ನು ಅರ್ಥಮಾಡಿಕೊಂಡು ನರ್ಸಮ್ಮನಿಗೆ ಗಂಟೆ ಬಾರಿಸುವ ಯಂತ್ರ ಅದು. ಅದಕ್ಕೆ ಇಂಗ್ಲಿಷ್ ಪದ ಓದಿ ಹೇಳುವುದು ಅವಳ ಹೊಸ ಕೆಲಸ, ಪರೀಕ್ಷಕ ಅವನು. ಜೊತೆಯವಳು ಅಮೆರಿಕದವರಂತೆ ನಾಲಿಗೆ ಹೊರಳಿಸಿ ‘ವಾಡರ್’ ಎಂದರೆ ಹಸಿರು ದೀಪ. ‘ವೈಟಮಿನ್’ ಎಂದರೂ ಹಸಿರು! ಇವಳ ‘ವಿಟಮಿನ್’ಗೆ ಮಾತ್ರ ಕೆಂಪು ಗೆರೆ.

ಹೊಲಿಗೆ ಯಂತ್ರ ತುಳಿಯುತ್ತಲೇ ಅವಳಿಗೆ ಇಂಗ್ಲಿಷ್ ಕಲಿಸಿದವರು ಅಪ್ಪ, ಒಂದಕ್ಷರವನ್ನೂ ನುಂಗಬಾರದೆಂದು. ಗೆರೆ ಬಿದ್ದಾಗಲೆಲ್ಲ ಅಪ್ಪನಿಗೇ ಬಿದ್ದಂತೆ ಅವಳಿಗೆ ಚುರ್ರೆನ್ನುತ್ತಿತ್ತು.

ಹತ್ತು ಪದಕ್ಕೊಮ್ಮೆ ಅವನೇ ಎದ್ದು ಬಂದು ಬಿಸಿನೀರಿನ ಲೋಟ ಇಡುತ್ತಿದ್ದ. ನನ್ನ ಗಂಟಲಿನ ಮೇಲೆ ಇಷ್ಟು ಅಕ್ಕರೆ ಇರೋನು ಗೆರೆ ಯಾಕೆ ಎಳೀತಾನೆ? ನೋಡಬಾರದು ಎಂದುಕೊಂಡೇ ಅವಳು ಆ ಕೈಯನ್ನು ನೋಡುತ್ತಿದ್ದಳು...

ತಿಂಗಳ ಕೊನೆಗೆ ಗೋಡೆಗೆ ಪಟ್ಟಿ ಅಂಟಿಸಿದರು. ಅವಳ ಹೆಸರಿನ ಮುಂದೆ ನಾನೂರು ಕೆಂಪು ಗೆರೆ! ಕಣ್ಣು ತುಂಬಿ ಬಂತು.

“ನಾಳೆಯಿಂದ ನಾನು ಬರಲ್ಲ. ನನ್ನ ಉಚ್ಚಾರಣೆ ತಪ್ಪು ಅಂತ ಮೊದಲ ದಿನವೇ ಹೇಳ್ಬಹುದಿತ್ತಲ್ವಾ?”

ಅವನು ಕಕ್ಕಾಬಿಕ್ಕಿಯಾದ.

“ನಿಮ್ಮ ತಪ್ಪಾ? ರೀ... ಕೆಂಪು ಗೆರೆ ಯಂತ್ರಕ್ಕೆ ಹಾಕೋದು! ಅದಿನ್ನೂ ಕಲೀಬೇಕು ಅಂತ. ‘ಇವರ ದನಿ ತೆಗೀರಿ, ಯಂತ್ರದ ಅಂಕ ಕಮ್ಮಿ ಆಗತ್ತೆ’ ಅಂದ್ರು ನಮ್ಮ ಸಾಹೇಬ್ರು. ‘ತೆಗೆದ್ರೆ ನಾನೂ ಹೋಗ್ತೀನಿ’ ಅಂದೆ.”

“ನನಗೆ ಯಾರೂ ಹೇಳ್ಲೇ ಇಲ್ಲ...”

“ಗೊತ್ತಿರತ್ತೆ ಅಂದ್ಕೊಂಡೆ. ದಡ್ಡ ನಾನು! ಆ ನಾನೂರನ್ನೂ ಅದಕ್ಕೆ ಕಲಿಸಿದ್ದಾಯ್ತು, ನಾಳೆ ಆಸ್ಪತ್ರೇಲಿ ಯಂತ್ರಕ್ಕೆ ಪರೀಕ್ಷೆ ಇದೆ. ಅದೊಂದಕ್ಕೆ ಬನ್ನಿ.”

ಅವಳ ಸಿಟ್ಟು ಸರ್ರನೆ ಇಳಿಯಿತು.

ಯಂತ್ರ ಸೋತರೆ ಅವಳ ದನಿಯ ಜೊತೆ ಅವನ ಕೆಲಸವೂ ಹೋಗುತ್ತಿತ್ತು. ಮರುದಿನ ಹಿರಿಯ ನರ್ಸಮ್ಮ ಸಾಹೇಬರು ಕೊಟ್ಟ ಪದಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ನಿವೃತ್ತ ಟೀಚರ್ ಅಜ್ಜಿಯತ್ತ ತಿರುಗಿದರು. “ಅಜ್ಜಿ, ನೀವೇ ಕೇಳಿ.”

ಅಜ್ಜಿ ಒಣಗಿದ ಗಂಟಲಲ್ಲಿ, ಥೇಟ್ ಅಪ್ಪನ ಹಾಗೆ, ಒಂದಕ್ಷರವನ್ನೂ ನುಂಗದೆ ಹೇಳಿದರು: “ವಾಟರ್.”

ಯಂತ್ರ ಗಂಟೆ ಬಾರಿಸಿತು. ಒಂದೇ ಸಲಕ್ಕೆ!

“ಹೋದ ಸಲ ತಂದ ಯಂತ್ರಕ್ಕೆ ಅರಚಿ ಅರಚಿ ಸಾಕಾಗಿತ್ತು,” ಎಂದರು ಅಜ್ಜಿ. “ಇದಕ್ಕೆ ಪಾಠ ಹೇಳಿದ್ಯಾರಮ್ಮ?”

“ಇವರು!” ಅವನು ಅವಳನ್ನು ಮುಂದೆ ಕರೆದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಸಾಹೇಬರೇ! ಅಂಕದ ಮಾತು ಪಾಪ ಅವರಿಗೆ ಮರೆತೇ ಹೋಗಿತ್ತು.

ಹೊರಗೆ ಮೆಟ್ಟಿಲ ಬಳಿ ಅವಳು ಅಳುತ್ತಲೇ ನಕ್ಕಳು. “ಅಪ್ಪನಿಗೆ ಈಗಲೇ ಹೇಳ್ಬೇಕು!”

“ನಾನೂ ಬರ್ಲಾ? ಅವರ ಹತ್ರ ಒಂದು ಕೇಳೋದಿದೆ... ನಿಮ್ಮನ್ನ ಮದುವೆ ಮಾಡಿಕೊಡಿ ಅಂತ. ಮೊದಲು ನೀವು ಒಪ್ಪಿದ್ರೆ.”

ಅವಳ ಕೆನ್ನೆ ಕೆಂಪಾಯಿತು.

“ಹೂಂ...”

“ಇನ್ನೊಂದ್ಸಲ ಹೇಳಿ.”

“ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು. ಅದಕ್ಕೇ!”